ರೆಪ್ಪೆಯ ಎಣ್ಣೆ, ಗಂಜಿನ ಮಾತು

ಶ್ರಾವಣ ಕಳೆಯುವ ಹೊತ್ತಿಗೆ ಬೀದರಿನ ಗಾಂಧಿ ಗಂಜಿಗೆ ಹೆಸರು, ಉದ್ದು ಬರತೊಡಗುತ್ತವೆ. ದಸರಾ, ದೀಪಾವಳಿಗೆ ಸೋಯಾ. ಸಂಕ್ರಾಂತಿಯ ಆಚೀಚೆ ತೊಗರಿ. ಭಾಲ್ಕಿ, ಔರಾದ್ ಕಡೆಯ ಟ್ರ್ಯಾಕ್ಟರುಗಳು ಅಡತ್ ಅಂಗಡಿಗಳ ಮುಂದೆ ನಿಂತು ಚೀಲ ಇಳಿಯುವಾಗ ಏಳುವ ಹೊಟ್ಟು ಹಮಾಲರ ಹುಬ್ಬು, ರೆಪ್ಪೆಗೂದಲ ಮೇಲೆಲ್ಲ ಕೂರುತ್ತದೆ. ಹೆಗಲ ಮೇಲಿನ ಟವೆಲ್ಲೇ ಬೆವರಿಗೂ ಆಯಿತು, ಚೀಲದ ಧೂಳಿಗೂ ಆಯಿತು, ಕಣ್ಣಿಗೂ ಆಯಿತು. ಈ ದಿನಗಳಲ್ಲಿ ಕಣ್ಣು ಕೆಂಪಾದರೆ ಇಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಸೀಸನ್ ಮುಗಿದು ಗಂಜ್ ಖಾಲಿಯಾದ ಮೇಲೂ ಕೆಲವರ ಕಣ್ಣು ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಅಂಚು ಕೆಂಪಾಗಿ ದಪ್ಪಗಾಗಿರುತ್ತದೆ, ವರ್ಷಕ್ಕೆರಡು ಸಲ ಕಣ್ಣುಕುರು ಏಳುತ್ತದೆ. ಇಂಥವರಲ್ಲಿ ಅನೇಕರ ತೊಂದರೆಯ ಮೂಲ ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಗಳು. ವೈದ್ಯರ ಚೀಟಿಯಲ್ಲಿ ಇದು ಎಂಜಿಡಿ, ಅಂದರೆ ಮೈಬೋಮಿಯನ್ ಗ್ಲ್ಯಾಂಡ್ ಡಿಸ್‌ಫಂಕ್ಷನ್. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ವಿವರಿಸಿದ್ದರಿಂದ ಗ್ರಂಥಿಗಳಿಗೆ ಅವನ ಹೆಸರು. ಹಳೆಯ ಕಾಯಿಲೆಯೇ. ಆದರೆ ಈಚೆಗೆ ಇದಕ್ಕೆ ಸೂಜಿ, ಶಾಖ, ಬೆಳಕು ಎಂದು ಹೊಸ ಹೊಸ ವಿಧಾನಗಳು ಬಂದಿವೆ. ಅವುಗಳ ಜೊತೆಗೇ ತಪ್ಪು ಕಲ್ಪನೆಗಳೂ ಬೆಳೆದಿವೆ.

ತಪ್ಪು ಕಲ್ಪನೆ: ಇದೆಲ್ಲ ಧೂಳಿನಿಂದ ಬಂದದ್ದು. ಗಂಜ್ ಬಿಟ್ಟರೆ ವಾಸಿಯಾಗುತ್ತದೆ.

ವಾಸ್ತವ: ಧೂಳು ಕಣ್ಣನ್ನು ಕೆರಳಿಸುತ್ತದೆ, ಇರುವ ರೋಗವನ್ನು ಹೆಚ್ಚಿಸುತ್ತದೆ. ಗ್ರಂಥಿ ಕಟ್ಟಿಕೊಳ್ಳುವುದಕ್ಕೆ ಕಾರಣಗಳು ಬೇರೆಯೂ ಇವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಗ್ರಂಥಿಗಳು ಸಾಲಾಗಿ ನಿಂತಿವೆ. ಕೂದಲು ಹುಟ್ಟುವ ಸಾಲಿನ ಹಿಂದೆ, ಕಣ್ಣಿಗೆ ತಾಗುವ ಅಂಚಿನಲ್ಲಿ ಅವುಗಳ ಬಾಯಿ. ಪ್ರತಿ ಸಲ ರೆಪ್ಪೆ ಬಡಿದಾಗ ಸ್ವಲ್ಪ ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ, ನೀರು ಬೇಗ ಆರದಂತೆ ಕಾಯುತ್ತದೆ. ವಯಸ್ಸಾದಂತೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಮುಖ ಕೆಂಪಾಗುವ ರೊಸೇಸಿಯಾ ಇದ್ದವರಲ್ಲಿ, ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗಿದವರಲ್ಲಿ ಈ ಎಣ್ಣೆ ಗಟ್ಟಿಯಾಗಬಹುದು ಅಥವಾ ಗ್ರಂಥಿಯೇ ಸೊರಗಬಹುದು. ಗ್ರಂಥಿಯ ಬಾಯಿಯಲ್ಲಿ ಚರ್ಮದ ಸತ್ತ ಪದರ ಕೂತರೆ ದಾರಿ ಮುಚ್ಚುತ್ತದೆ.

ಧೂಳು ಕಾಣದ ಮುನೀಮರಿಗೂ ಇದು ತಪ್ಪಿದ್ದಲ್ಲ. ಹಿಂದೆ ಖಾತೆ ಪುಸ್ತಕ ಬರೆಯುತ್ತಿದ್ದವರು ಈಗ ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬಿಲ್ಲು ಹೊಡೆಯುತ್ತಾರೆ, ದರ ನೋಡುತ್ತಾರೆ. ಪರದೆ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬಡಿದರೂ ಅರ್ಧಕ್ಕೇ ನಿಲ್ಲುತ್ತದೆ. ಎಣ್ಣೆಯನ್ನು ಹೊರಗೆ ನೂಕುವುದೇ ಆ ಬಡಿತ.

ತಪ್ಪು ಕಲ್ಪನೆ: ನೀರು ಸುರಿಯುವ ಕಣ್ಣಿಗೆ ಒಣಗಣ್ಣು ಎನ್ನುವುದು ವೈದ್ಯರ ಎಡವಟ್ಟು.

ವಾಸ್ತವ: "ನೀರು ದಳದಳ ಇಳೀಲಾಕತ್ತಾವ, ಡಾಕ್ಟರ್ ನೋಡಿದ್ರ ಒಣಗ್ಯಾದ ಅಂತಾರ" ಎಂಬ ಮಾತು ಕೇಳಿದವರಿಗೆ ನಗು ಬರುತ್ತದೆ. ಆದರೆ ಎಡವಟ್ಟೇನೂ ಇಲ್ಲ. ಎಣ್ಣೆಯ ಪದರ ಹರಿದರೆ ಕಣ್ಣೀರು ಬೇಗ ಆರುತ್ತದೆ, ಕಣ್ಣಿನ ಮೇಲ್ಮೈ ಬೆತ್ತಲಾಗುತ್ತದೆ, ಮೆದುಳು ಗಾಬರಿಯಿಂದ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರಿಗೂ ಮೇಲೆ ಎಣ್ಣೆ ಇಲ್ಲ, ಅದೂ ನಿಲ್ಲುವುದಿಲ್ಲ. ವೈದ್ಯರು ಹಳದಿ ಬಣ್ಣದ ದ್ರವ ಮುಟ್ಟಿಸಿ, ನೀಲಿ ಬೆಳಕಿನಲ್ಲಿ ನೋಡುತ್ತಾ, ರೆಪ್ಪೆ ಬಡಿದ ಎಷ್ಟು ಸೆಕೆಂಡಿಗೆ ಪದರ ಒಡೆಯಿತು ಎಂದು ಎಣಿಸುತ್ತಾರೆ. 10 ಸೆಕೆಂಡಿನೊಳಗೇ ಒಡೆದರೆ ಅನುಮಾನ.

ತಪ್ಪು ಕಲ್ಪನೆ: ಎಣ್ಣೆ ಕಡಿಮೆಯಾಗಿದ್ದರೆ ಎಣ್ಣೆಯನ್ನೇ ಬಿಟ್ಟರಾಯಿತು.

ವಾಸ್ತವ: ಅಜ್ಜಿಯ ಹರಳೆಣ್ಣೆಯನ್ನು ತೀರಾ ತಳ್ಳಿಹಾಕುವ ಹಾಗಿಲ್ಲ ಎನ್ನುವುದು ಇಲ್ಲಿ ಸ್ವಾರಸ್ಯ. ಜಪಾನಿನ ವೈದ್ಯರು 2002ರಲ್ಲಿ ಇದೇ ಕಾಯಿಲೆಯ 20 ರೋಗಿಗಳ ಮೇಲೆ ಹರಳೆಣ್ಣೆಯ ಹನಿಗಳನ್ನು ಪರೀಕ್ಷಿಸಿ, ಉಪಯೋಗ ಕಂಡು ಪ್ರಕಟಿಸಿದರು. ಆದರೆ ಅದು ಅತಿ ಕಡಿಮೆ ಪ್ರಮಾಣದ ಎಣ್ಣೆಯನ್ನು ಏಕರಸವಾಗಿ ಬೆರೆಸಿ ಪ್ರಯೋಗಾಲಯದಲ್ಲಿ ತಯಾರಿಸಿದ ಹನಿ. ಗಾಣದಿಂದ ತಂದ ಶೀಶೆಯಲ್ಲಿ ಎಣ್ಣೆಯ ಜೊತೆ ಏನೇನಿದೆಯೋ ಯಾರಿಗೆ ಗೊತ್ತು? ಸುರ್ಮಾದ ಮಾತೂ ಬೇಕು, ಏಕೆಂದರೆ ನಮ್ಮ ಕಡೆ ಮನೆಮನೆಯಲ್ಲಿ ಉಂಟು. ಹಲವು ಬಗೆಯ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಸುರ್ಮಾ, ಕಾಡಿಗೆ ಎರಡನ್ನೂ ರೆಪ್ಪೆಯ ಒಳ ಅಂಚಿಗೇ ತೀಡುವುದು ರೂಢಿ; ಗ್ರಂಥಿಗಳ ಬಾಯಿ ಇರುವುದೂ ಅಲ್ಲೇ.

ಮೀನೆಣ್ಣೆಯ ಗುಳಿಗೆ ಇನ್ನೊಂದು. ಅಮೆರಿಕದಲ್ಲಿ 535 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಡ್ರೀಮ್ ಪ್ರಯೋಗದಲ್ಲಿ, ದಿನಕ್ಕೆ 3,000 ಮಿಲಿಗ್ರಾಂ ಒಮೇಗಾ-3 ನುಂಗಿದವರಿಗೂ ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗೂ ಒಣಗಣ್ಣಿನಲ್ಲಿ ಗಣ್ಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರಿಗೆ ಹಗುರವೆನಿಸಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಪ್ಪು ಕಲ್ಪನೆ: ಬಿಸಿ ಬಟ್ಟೆ ಒತ್ತಿ ನೋಡಿದೆ, ಆಗಲಿಲ್ಲ. ನನ್ನದು ಮೊಂಡು ಕಾಯಿಲೆ.

ವಾಸ್ತವ: ಮೊಂಡು ಎನ್ನುವ ಮೊದಲು ಬಟ್ಟೆಯನ್ನು ಹೇಗೆ ಒತ್ತಿದಿರಿ ಎಂದು ಕೇಳಬೇಕು. ಗ್ರಂಥಿಯ ಎಣ್ಣೆ ಕೆಟ್ಟಾಗ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. ಅದು ಕರಗಬೇಕಾದರೆ ರೆಪ್ಪೆಯ ಒಳಮೈ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅಲ್ಲಿ ಕೆಲವು ನಿಮಿಷ ನಿಲ್ಲಬೇಕು. ಬಿಸಿ ನೀರಲ್ಲಿ ಹಿಂಡಿದ ಟವೆಲ್ ಎರಡೇ ನಿಮಿಷಕ್ಕೆ ಆರುತ್ತದೆ. ಹಾಗಾಗಿ ಬಟ್ಟೆಯನ್ನು ಎರಡೆರಡು ನಿಮಿಷಕ್ಕೆ ಬದಲಿಸುತ್ತಾ ಐದರಿಂದ ಹತ್ತು ನಿಮಿಷ ಮುಚ್ಚಿದ ಕಣ್ಣಿನ ಮೇಲಿಡಬೇಕು. ಆಮೇಲೆ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಅಂದರೆ ಕೂದಲಿನ ಅಂಚಿನ ಕಡೆಗೆ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು. ಮುಖ ಸುಡುವಷ್ಟು ಬಿಸಿಯೂ ಬೇಡ. ಹಾಗೆ ದಿನವೂ, ವಾರಗಟ್ಟಲೆ. ಬಹುತೇಕರು ನಾಲ್ಕು ದಿನ ಮಾಡಿ ಬಿಡುತ್ತಾರೆ. ಚೀಲಕ್ಕಿಷ್ಟು ಎಂದು ಹಮಾಲಿ ಎಣಿಸಿಕೊಳ್ಳುವವನಿಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತಿರು ಎನ್ನುವುದು ಸುಲಭದ ಮಾತಲ್ಲ, ಅದನ್ನೂ ಒಪ್ಪಬೇಕು. ರಾತ್ರಿ ಮಲಗುವ ಮುಂಚೆ ಮಾಡಿದರೆ ನಡೆಯುತ್ತದೆ.

ಬಟ್ಟೆ, ನೀವುವಿಕೆ, ಅಂಚಿನ ಸ್ವಚ್ಛತೆ, ಕಣ್ಣೀರಿನಂಥ ಹನಿ, ಬೇಕಾದರೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್, ಇವೆಲ್ಲ ಸರಿಯಾಗಿ ನಡೆದೂ ಬಗ್ಗದಿದ್ದರೆ ಆಗ ಅದು ಮೊಂಡು. (ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಸಲ್ಲದು.) ಮೆಡಿಕಲ್ ಅಂಗಡಿಯಲ್ಲಿ "ಕೆಂಪಿಗೆ ಒಳ್ಳೇದು" ಎಂದು ಕೇಳಿ ತಂದ ಸ್ಟಿರಾಯ್ಡ್ ಹನಿ ಈ ಪಟ್ಟಿಯಲ್ಲಿಲ್ಲ. ಎರಡು ದಿನ ತಂಪಾಗಿಸುವ ಅದೇ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು.

ತಪ್ಪು ಕಲ್ಪನೆ: ಗ್ರಂಥಿಯ ಬಾಯಿಗೆ ಸೂಜಿ ಹಾಕಿ ತೆರೆದರೆ ಕಾಯಿಲೆ ಮುಗಿಯಿತು. 25ರಲ್ಲಿ 24 ಜನಕ್ಕೆ ವಾಸಿಯಾಗಿದೆಯಂತೆ.

ವಾಸ್ತವ: ಆ ಅಂಕಿ ಸುಳ್ಳಲ್ಲ. ಫ್ಲಾರಿಡಾದ ನೇತ್ರವೈದ್ಯ ಸ್ಟೀವನ್ ಮಾಸ್ಕಿನ್ 2010ರಲ್ಲಿ ಪ್ರಕಟಿಸಿದ ವರದಿಯದು. ರೆಪ್ಪೆಯ ಅಂಚಿಗೆ ಮರಗಟ್ಟುವ ಮುಲಾಮು ಹಚ್ಚಿ, 76 ಮೈಕ್ರಾನ್ ದಪ್ಪದ, ಅಂದರೆ ಹೆಚ್ಚುಕಡಿಮೆ ತಲೆಗೂದಲಷ್ಟು ಸಣ್ಣ ಉಕ್ಕಿನ ತಂತಿಯನ್ನು ಒಂದೊಂದೇ ಗ್ರಂಥಿಯ ಬಾಯಿಯೊಳಗೆ ಇಳಿಸುತ್ತಾರೆ. ಮೊದಲು 2 ಮಿಲಿಮೀಟರ್ ಉದ್ದದ್ದು, ಬೇಕಾದರೆ 4 ಅಥವಾ 6ರದ್ದು. ಒಳಗೆ ಅಡ್ಡಿ ಇದ್ದರೆ ತಂತಿ ತಡೆದು, ಮತ್ತೆ ಪಟ್ಟನೆ ಜಾರುತ್ತದೆ. ಬಾಯಿಯಲ್ಲಿ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆ ಕಾಣಬಹುದು. ಕೊಯ್ತವಿಲ್ಲ, ಹೊಲಿಗೆಯಿಲ್ಲ. ಮಾಡಿಸಿಕೊಂಡ 25 ಜನರಲ್ಲಿ 24 ಜನ ಕೂಡಲೇ ಹಗುರವಾಯಿತು ಎಂದರು.

ಗಂಜಿನಲ್ಲಿ ಬೆಳೆದವರಿಗೆ ಇಲ್ಲಿ ಒಂದು ಪ್ರಶ್ನೆ ತಾನಾಗಿ ಹೊಳೆಯಬೇಕು: ಯಾವುದಕ್ಕೆ ಹೋಲಿಸಿ? ಆ ವರದಿಯಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಜನ ಆಸ್ಪತ್ರೆಗೆ ಹೋಗುವುದು ತೊಂದರೆ ಅತಿಯಾದ ದಿನ. ಏರಿಳಿಯುವ ಕಾಯಿಲೆ ಅತಿಯಾದ ಮೇಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಹವೆ ಬದಲಾಗುತ್ತದೆ. ಮರಗಟ್ಟಿಸಿದ್ದು, ಅಂಚನ್ನು ಒತ್ತಿದ್ದು, ಆಮೇಲೆ ಕೊಟ್ಟ ಹನಿ, ಇವೂ ತಮ್ಮ ಕೆಲಸ ಮಾಡಿರುತ್ತವೆ. ವೈದ್ಯರು ಇಷ್ಟು ಹೊತ್ತು ತಾಳ್ಮೆಯಿಂದ ಕಣ್ಣು ನೋಡಿದರು ಎಂಬುದೇ ಒಂದು ಔಷಧ. ಇವೆಲ್ಲ ಕಳೆದ ಮೇಲೆ ತಂತಿಯ ಪಾಲು ಎಷ್ಟು ಉಳಿಯಿತು ಎನ್ನುವುದು ಆ 24ರಿಂದ ಗೊತ್ತಾಗುವುದಿಲ್ಲ.

ಅದನ್ನು ತಿಳಿಯಲೆಂದೇ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ತಂತಿಯನ್ನು ಒಳಗಿಳಿಸದೆ ತೋರಿಕೆಯ ವಿಧಾನವಷ್ಟೇ ನಡೆಸಿದರು. ಮೀನೆಣ್ಣೆಯ ಪ್ರಯೋಗದಲ್ಲಿ ಆದ ಹಾಗೆಯೇ, ತೋರಿಕೆಯದನ್ನು ಪಡೆದವರ ಕಣ್ಣಿನ ತೊಂದರೆಯೂ ಇಳಿಯಿತು. ನಿಜವಾದ ತಂತಿ ಅದಕ್ಕಿಂತ ಬಹಳ ಮುಂದೆ ಹೋದದ್ದು ಕಾಣಲಿಲ್ಲ. ಪ್ರಯೋಗ ಚಿಕ್ಕದು, ಅದೊಂದರಿಂದ ತಂತಿಯ ವಿಧಾನ ನಿಷ್ಪ್ರಯೋಜಕ ಎಂದು ತೀರ್ಪು ಕೊಡುವಂತಿಲ್ಲ. ಗ್ರಂಥಿಯ ಬಾಯಿ ನಿಜವಾಗಿ ಗಾಯದ ಕಲೆಯಿಂದ ಮುಚ್ಚಿದವರಿಗೆ ಉಪಯೋಗವಾದೀತು. ಆದರೆ 96 ಶೇಕಡಾ ಎಂದು ಹೇಳಿ ಮುಂಗಡ ಕೇಳಿದರೆ ನಾನು ಕೊಡುವುದಿಲ್ಲ.

ಗ್ರಂಥಿಯೇ ಸತ್ತುಹೋಗಿದ್ದರೆ ತೆರೆಯಲು ಬಾಯಿಯಾದರೂ ಎಲ್ಲಿದೆ? ರೆಪ್ಪೆಯನ್ನು ಹೊರಳಿಸಿ ಇನ್‌ಫ್ರಾರೆಡ್ ಚಿತ್ರ ತೆಗೆದರೆ ಉಳಿದ ಗ್ರಂಥಿಗಳು ಬಿಳಿ ಗೆರೆಗಳಾಗಿ ಕಾಣುತ್ತವೆ. ಅದನ್ನು ನೋಡದೆ ವಿಧಾನದ ಮಾತು ಎತ್ತುವುದು ಅವಸರ.

ತಪ್ಪು ಕಲ್ಪನೆ: ತೋರಿಕೆಯ ಚಿಕಿತ್ಸೆ ಕೊಡುವುದು ರೋಗಿಗೆ ಮೋಸ.

ವಾಸ್ತವ: ಹೇಳದೆ ಕೊಟ್ಟರೆ ಮೋಸವೇ. ಪ್ರಯೋಗದಲ್ಲಿ ಮೊದಲೇ ಹೇಳುತ್ತಾರೆ: ನಿಮಗೆ ನಿಜದ್ದು ಸಿಗಬಹುದು, ತೋರಿಕೆಯದೂ ಸಿಗಬಹುದು, ಯಾವುದೆಂದು ನಿಮಗೂ ತಿಳಿಯದು, ಕಣ್ಣು ಅಳೆಯುವವರಿಗೂ ತಿಳಿಯದು. ಒಪ್ಪಿದವರು ಮಾತ್ರ ಸೇರುತ್ತಾರೆ.

ಇಂಥ ಹೋಲಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೊಣಕಾಲಿನ ಕತೆ ಸಾಕು. ಸವೆದ ಮೊಣಕಾಲಿಗೆ ದುರ್ಬೀನು ಹಾಕಿ ತೊಳೆದು ಕೆರೆಯುವ ಶಸ್ತ್ರಚಿಕಿತ್ಸೆ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆದಿತ್ತು. ಹ್ಯೂಸ್ಟನ್‌ನ ವೈದ್ಯರು 180 ಜನರನ್ನು ಆರಿಸಿ, ಒಂದು ಗುಂಪಿಗೆ ಚರ್ಮಕ್ಕೆ ಗಾಯ ಮಾಡಿ ಹೊಲಿಗೆ ಹಾಕಿದರೇ ಹೊರತು ಒಳಗೆ ಏನನ್ನೂ ಮಾಡಲಿಲ್ಲ. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ವರ್ಷದ ಕೊನೆಗೂ ನಿಜವಾದ ಶಸ್ತ್ರಚಿಕಿತ್ಸೆ ತೋರಿಕೆಯದಕ್ಕಿಂತ ಮೇಲಾಗಿರಲಿಲ್ಲ. ಅದಕ್ಕೆ ಮೊದಲು ಅದನ್ನು ಮಾಡಿಸಿಕೊಂಡವರೂ ತಮಗೆ ಹಗುರವಾಗಿದೆ ಎಂದೇ ಹೇಳುತ್ತಿದ್ದರು, ಸುಳ್ಳೇನೂ ಹೇಳಿರಲಿಲ್ಲ.

ತಪ್ಪು ಕಲ್ಪನೆ: ಬೆಳಕಿನ ಯಂತ್ರಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಹೊಡೆಸಿಕೊಂಡು ಬಂದರಾಯಿತು.

ವಾಸ್ತವ: ಐಪಿಎಲ್ ಎಂದರೆ ಇಲ್ಲಿ ಕ್ರಿಕೆಟ್ ಅಲ್ಲ, ತೀಕ್ಷ್ಣ ಬೆಳಕನ್ನು ಮಿಂಚಿನ ಹಾಗೆ ಬಿಟ್ಟು ಬಿಟ್ಟು ಕೆಳರೆಪ್ಪೆಯ ಕೆಳಗಿನ ಚರ್ಮದ ಮೇಲೆ ಹಾಯಿಸುವ ವಿಧಾನ. ಚರ್ಮದ ವೈದ್ಯರು ರೊಸೇಸಿಯಾಕ್ಕೆ ಬಳಸುತ್ತಿದ್ದರು. ಮುಖಕ್ಕೆ ಹಾಕಿಸಿಕೊಂಡವರ ಒಣಗಣ್ಣೂ ಹಗುರವಾದದ್ದನ್ನು ಅಮೆರಿಕದ ರೊಲ್ಯಾಂಡೊ ಟೊಯೊಸ್ ಗಮನಿಸಿದರು. ಜಪಾನಿನ ರೇಕೊ ಅರಿಟಾ ಮತ್ತು ಸಂಗಡಿಗರು ಬೇರೆ ಚಿಕಿತ್ಸೆಗೆ ಬಗ್ಗದ 45 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳಕು ಮತ್ತು ಗ್ರಂಥಿ ಹಿಂಡುವಿಕೆ, ಇನ್ನೊಂದಕ್ಕೆ ಬರೀ ಹಿಂಡುವಿಕೆ ಕೊಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕು ಸೇರಿದ ಗುಂಪು ಮುಂದಿತ್ತು. ಮೊಂಡು ಕಾಯಿಲೆಯ ಮೇಲೆಯೇ ನಡೆದ, ಹೋಲಿಕೆಯೂ ಇದ್ದ ಪರೀಕ್ಷೆಯಿದು, ಹಾಗಾಗಿ ಬೆಲೆಯುಳ್ಳದ್ದು. ಅಮೆರಿಕದ ಎಫ್‌ಡಿಎ 2021ರಲ್ಲಿ ಇಂಥ ಒಂದು ಯಂತ್ರಕ್ಕೆ ಈ ಕಾಯಿಲೆಗೆಂದೇ ಒಪ್ಪಿಗೆ ಕೊಟ್ಟದ್ದೂ ನಿಜ. ಆದರೆ ಅದಕ್ಕೂ ಒಂದು ವರ್ಷ ಮುಂಚೆ, 2020ರಲ್ಲಿ, ಅಲ್ಲಿಯವರೆಗಿನ ಪುರಾವೆಯನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ಪರಿಶೀಲನೆಗೆ ಸಿಕ್ಕ ಯೋಗ್ಯ ಪ್ರಯೋಗಗಳು ಮೂರೇ ಮೂರು.

ನಮ್ಮವರಿಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಈ ಬೆಳಕನ್ನು ಚರ್ಮದ ಕಪ್ಪು ವರ್ಣಕ ಮೆಲನಿನ್ ಹೀರಿಕೊಳ್ಳುತ್ತದೆ. ಚರ್ಮದ ಬಣ್ಣವನ್ನು ಒಂದರಿಂದ ಆರರವರೆಗೆ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಅಳತೆಯಲ್ಲಿ ಈ ಚಿಕಿತ್ಸೆ ಸಾಮಾನ್ಯವಾಗಿ ಒಂದರಿಂದ ನಾಲ್ಕರವರೆಗಿನವರಿಗೆ. ಐದು, ಆರನೆಯ ಬಗೆಯವರಿಗೆ ಸುಟ್ಟ ಗಾಯ, ಕಪ್ಪು ಅಥವಾ ಬಿಳಿ ಕಲೆಯ ಅಪಾಯ ಹೆಚ್ಚು. ಔರಾದಿನ ಹೊಲದಲ್ಲೋ ಗಂಜಿನ ಬಯಲಲ್ಲೋ ಬಿಸಿಲಿಗೆ ಬೆಂದ ಮುಖ ಯಾವ ಮನೆಗೆ ಸೇರುತ್ತದೆ ಎಂದು ಯಂತ್ರ ಹಚ್ಚುವ ಮುಂಚೆ ನೋಡಲೇಬೇಕು. ನಾಲ್ಕರ ಮನೆಯವನೂ ಸುಗ್ಗಿಯ ಬಿಸಿಲಿನಲ್ಲಿ ಇನ್ನಷ್ಟು ಕಪ್ಪಾಗಿರುತ್ತಾನೆ. ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ಚರ್ಮ ಬೆಳಕಿಗೆ ಇನ್ನೂ ಸೂಕ್ಷ್ಮ. ಅದನ್ನು ಮುಚ್ಚಿಡದೆ ಹೇಳಬೇಕು. ಕಣ್ಣಿಗೆ ಸರಿಯಾದ ರಕ್ಷಾಕವಚ ಹಾಕದೆ ಹಚ್ಚಿದ್ದರಿಂದ ಕಣ್ಣಿನೊಳಗಿನ ಪಾಪೆಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಜಪಾನಿನವರ ಚರ್ಮದ ಮೇಲೆ ಗೆದ್ದದ್ದು ನಮ್ಮ ಚರ್ಮದ ಮೇಲೂ ಅಷ್ಟೇ ಸಲೀಸು ಎಂದು ಯಾರೂ ಬರೆದುಕೊಟ್ಟಿಲ್ಲ.

ಶಾಖದ ಯಂತ್ರಕ್ಕೆ ಚರ್ಮದ ಬಣ್ಣದ ತಂಟೆ ಇಲ್ಲ. ಎಫ್‌ಡಿಎ 2011ರಲ್ಲಿ ಒಪ್ಪಿದ ಲಿಪಿಫ್ಲೋ ರೆಪ್ಪೆಯನ್ನು ಒಳಗಿನಿಂದ ಕಾಯಿಸಿ ಹೊರಗಿನಿಂದ ಒತ್ತುತ್ತದೆ, 12 ನಿಮಿಷದ ಕೆಲಸ. ಖರ್ಚು ಮಾತ್ರ ಬಿಸಿ ಬಟ್ಟೆಯದಲ್ಲ.

ಯಾವುದಕ್ಕೂ ಮೊದಲು ಊರಲ್ಲೇ, ಬ್ರಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ರೆಪ್ಪೆ ತೋರಿಸಿ. ಹೈದರಾಬಾದಿನ ಸುಮಾರು 140 ಕಿಲೋಮೀಟರ್ ಬಸ್ಸಿನ ದಾರಿ ಆಮೇಲಿನದು.

ತಪ್ಪು ಕಲ್ಪನೆ: ಪ್ರಶ್ನಾವಳಿಯ ಅಂಕ ಇಳಿದರೆ ಗುಣವಾದಂತೆ.

ವಾಸ್ತವ: ಒಣಗಣ್ಣಿನ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಒಎಸ್‌ಡಿಐ ಎಂಬ 12 ಪ್ರಶ್ನೆಗಳ ಪಟ್ಟಿ, ಅಂಕ ಸೊನ್ನೆಯಿಂದ 100. ಓದುವಾಗ ತೊಂದರೆಯೇ, ರಾತ್ರಿ ಗಾಡಿ ಓಡಿಸುವಾಗ, ಕಂಪ್ಯೂಟರ್ ಅಥವಾ ಎಟಿಎಂ ಬಳಸುವಾಗ, ಟಿವಿ ನೋಡುವಾಗ, ಎಸಿ ಇರುವ ಕಡೆ ತೊಂದರೆಯೇ ಎಂದು ಕೇಳುತ್ತದೆ. ಹಮಾಲನ ದಿನಕ್ಕೆ ಇವುಗಳಲ್ಲಿ ಎಷ್ಟು ತಾಗುತ್ತವೆ? ಅನ್ವಯಿಸದ ಪ್ರಶ್ನೆ ಬಿಡಬಹುದು, ಸರಿ. ಆದರೆ ಸೋಯಾ ಚೀಲ ಕೊಡವುವಾಗ ಹೇಗಿರುತ್ತದೆ ಎಂದು ಅದು ಕೇಳುವುದೇ ಇಲ್ಲ. ಎಸಿ ಕೋಣೆಯ ಬದುಕಿಗೆ ಹೊಲಿದ ಅಂಗಿಯದು. ಅದಕ್ಕೇ ಒಳ್ಳೆಯ ಪ್ರಯೋಗ ಅಂಕದ ಜೊತೆಗೆ ಪದರ ಒಡೆಯುವ ಸೆಕೆಂಡು, ಹಿಂಡಿದಾಗ ಬರುವ ಎಣ್ಣೆಯ ಬಣ್ಣ, ದಪ್ಪ, ಗ್ರಂಥಿಯ ಚಿತ್ರ ಎಲ್ಲವನ್ನೂ ನೋಡುತ್ತದೆ. ಇವು ಒಂದಕ್ಕೊಂದು ಹೊಂದದೆ ಹೋಗುವುದೂ ಉಂಟು: ಅಂಕ ಇಳಿದಿರುತ್ತದೆ, ಎಣ್ಣೆ ಇನ್ನೂ ಗಟ್ಟಿಯೇ.

ತಪ್ಪು ಕಲ್ಪನೆ: ಪ್ರಯೋಗಕ್ಕೆ ಹೆಬ್ಬೆಟ್ಟು ಒತ್ತಿದರೆ ಸಿಕ್ಕಿಬಿದ್ದಂತೆ.

ವಾಸ್ತವ: ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಬರಬಹುದು, ಹೊರಬಂದವರಿಗೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಯೋಗದಿಂದ ಪೆಟ್ಟಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಪರೀಕ್ಷೆಯಲ್ಲಿರುವ ವಿಧಾನಕ್ಕೆ ನಿಮ್ಮಿಂದಲೇ ಸಾವಿರಗಟ್ಟಲೆ ಕೇಳುತ್ತಿದ್ದರೆ ಅದು ಪರೀಕ್ಷೆಯೋ ವ್ಯಾಪಾರವೋ ಎಂದು ಅನುಮಾನಿಸಿ. ದೇಶದ ಪ್ರಯೋಗಗಳ ನೋಂದಣಿ ಪುಸ್ತಕ ಸಿಟಿಆರ್‌ಐ 2007ರಿಂದ ಇದೆ. ಯಾರು ಬೇಕಾದರೂ ಹಣ ಕೊಡದೆ ಅಲ್ಲಿ ಹುಡುಕಬಹುದು. ನೋಂದಣಿ ಸಂಖ್ಯೆ ಯಾವುದು ಎಂದು ಕೇಳಿದರೆ ನಿಜವಾದ ಪ್ರಯೋಗದವರು ಬೇಸರಪಡುವುದಿಲ್ಲ.

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಗಂಜಿನಲ್ಲಿ ಇದು ಸಣ್ಣ ಮಾತಲ್ಲ. ಓದು ಬಾರದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಬೇಕು. ಆ ಹೊತ್ತಿಗೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ರುಜು ಹಾಕಬೇಕು. ಆಸ್ಪತ್ರೆಯ ಸಿಬ್ಬಂದಿಯೇ ಸಾಕ್ಷಿಯಾಗಿ ನಿಂತರೆ ಬೇಡ ಎನ್ನಿ. ಪತ್ರದ ಒಂದು ಪ್ರತಿ ನಿಮಗೆ ಸೇರಿದ್ದು, ಕೇಳಿ ತೆಗೆದುಕೊಳ್ಳಿ. ಅವತ್ತೇ ಒತ್ತಬೇಕೆಂದೇನಿಲ್ಲ, ಮನೆಗೆ ಒಯ್ದು ಮಕ್ಕಳ ಕೈಲಿ ಓದಿಸಿಕೊಂಡು ನಾಲ್ಕು ದಿನ ಬಿಟ್ಟು ಬಂದರೂ ನಡೆಯುತ್ತದೆ.